ಬೆನ್ನು, ಕುತ್ತಿಗೆ, ನರದ ನೋವು: ಆಸ್ಟಿಯೋಪಥಿ ಕೈಚಿಕಿತ್ಸೆಯಿಂದ ಎಷ್ಟು ಉಪಯೋಗ, ಎಲ್ಲಿ ಅಪಾಯ?

ಸೊಂಟ ಹಿಡಿದುಕೊಂಡಿದೆ, ಕುತ್ತಿಗೆ ತಿರುಗುವುದಿಲ್ಲ, ಕಾಲಿಗೆ ಚಳುಕು ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಈ ಮಾತುಗಳು ಕೇಳಿಬರದ ಮನೆ ನಮ್ಮಲ್ಲಿ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದು ಅಂದಾಜಿಸಲಾಗಿದೆ. ದುಡಿಯುವ ಜನರನ್ನು ಕೆಲಸದಿಂದ ದೂರ ಇಡುವ ಕಾರಣಗಳಲ್ಲಿ ಇದೇ ಮುಂಚೂಣಿಯಲ್ಲಿದೆ.

ಈ ನೋವಿಗೆ ಔಷಧವಿಲ್ಲದೆ ಕೈಯಿಂದಲೇ ಚಿಕಿತ್ಸೆ ನೀಡುವ ಆಸ್ಟಿಯೋಪಥಿ ಎಂಬ ಪದ್ಧತಿಯ ಹೆಸರು ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆಯೂ ಕೇಳಿಬರುತ್ತಿದೆ. ಶಿಬಿರಗಳ ಕರಪತ್ರಗಳು ಚರ್ಚ್ ಸಭಾಂಗಣಗಳಿಗೂ ಬರುತ್ತವೆ. "ಹೋಗಬಹುದೇ? ನಮ್ಮವರನ್ನು ಕಳುಹಿಸಬಹುದೇ?" ಎಂದು ಧರ್ಮಗುರುಗಳನ್ನು, ಧರ್ಮಭಗಿನಿಯರನ್ನು, ವಾಳೆಯ ಗುರಿಕಾರರನ್ನು ಜನರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇವೆ. ಉದಾಹರಣೆಗೆ ನಾವು ಆರಿಸಿಕೊಂಡದ್ದು ಘಟ್ಟದ ಮೇಲಿನ ಬಿಸಿಲೆಯನ್ನು. ಆಸ್ಪತ್ರೆ ಹತ್ತಿರವಿಲ್ಲದ ಊರಿನಲ್ಲಿ ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬ ತಿಳಿವಳಿಕೆ ಬಹಳ ಮುಖ್ಯ.

ಬಿಸಿಲೆಯ ದುಡಿಮೆ ಮತ್ತು ಬೆನ್ನು

ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿಗೆ ಸೇರಿದ ಬಿಸಿಲೆ ಪಶ್ಚಿಮ ಘಟ್ಟದ ಅಂಚಿನಲ್ಲಿದೆ. ಎದುರಿಗೆ ಕುಮಾರ ಪರ್ವತ, ಕೆಳಗೆ ದಟ್ಟ ಕಾಡು. ಇಲ್ಲಿಂದ ಘಾಟಿ ರಸ್ತೆಯಲ್ಲಿ ಇಳಿದರೆ ಕುಳ್ಕುಂದ, ಸುಬ್ರಹ್ಮಣ್ಯ. ಮೇಲಕ್ಕೆ ಹೋದರೆ ವಣಗೂರು, ಹೆತ್ತೂರು ಮಾರ್ಗವಾಗಿ ಸಕಲೇಶಪುರ. ಹಾಸನ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದರೂ ಕರಾವಳಿಯ ನಮಗೆ ಈ ಬೆಟ್ಟಗಳು ಹೊರಗಿನವಲ್ಲ. ತೋಟದ ಕೆಲಸಕ್ಕೆಂದು ಘಟ್ಟ ಹತ್ತಿ ಅಲ್ಲೇ ನೆಲೆಸಿದ ಕುಟುಂಬಗಳ ಬಂಧುಗಳು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ದೊಡ್ಡ ಕಾಯಿಲೆ ಬಂದಾಗ ಅಲ್ಲಿಯ ಎಷ್ಟೋ ಜನ ಇಳಿದು ಬರುವುದೂ ಮಂಗಳೂರಿಗೇ.

ಸಕಲೇಶಪುರ, ಆಲೂರು ಬೆಟ್ಟಗಳ ದುಡಿಮೆಯಲ್ಲಿ ಬೆನ್ನಿಗೆ ಬಿಡುವೇ ಇಲ್ಲ. ಏಲಕ್ಕಿಯ ಕಾಯಿ ಬಿಡುವುದು ಗಿಡದ ಬುಡದಲ್ಲಿ. ಅದನ್ನು ಕೀಳಲು ದಿನವಿಡೀ ಬಗ್ಗಿರಬೇಕು. ಕಾಫಿ ಕುಯ್ಲಿನಲ್ಲಿ ಕೈ ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ರೆಂಬೆ ಎಳೆಯಬೇಕು. ಮೆಣಸು ಕುಯ್ಯಲು ಮತ್ತು ಮರಗಸಿ ಮಾಡಲು ಏಣಿ ಹತ್ತಬೇಕು. ಕುಯ್ದ ಹಣ್ಣಿನ ಚೀಲವನ್ನು ಜಾರುವ ಇಳಿಜಾರಿನಲ್ಲಿ ತಲೆಯ ಮೇಲೆ ಹೊತ್ತು ಕಣಕ್ಕೆ ತರಬೇಕು. ಒಣಗಿಸಿದ ಕಾಫಿಯ ಒಂದು ಚೀಲ 50 ಕಿಲೋ ತೂಗುತ್ತದೆ. ಒಬ್ಬ ವಯಸ್ಕ ಪುರುಷ ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಮಹಿಳೆಯರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಹೇಳಿತ್ತು. ಸಮತಟ್ಟಾದ ಗೋದಾಮಿನಲ್ಲಿ 50 ಕಿಲೋ ಹೊರುವುದು ಒಂದು, ಮಳೆಯಲ್ಲಿ ನೆನೆದ ಇಳಿಜಾರಿನಲ್ಲಿ ಹೊರುವುದು ಇನ್ನೊಂದು.

ಬೆನ್ನು ಹಿಡಿದುಕೊಂಡರೆ ಮೊದಲು ನೆನಪಾಗುವುದು ಎಣ್ಣೆ ತಿಕ್ಕಿ ನೀವುವವರು, ಉಳುಕು ತೆಗೆಯುವವರು. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆಯೂ ನಮ್ಮ ಹಳ್ಳಿಗಳಲ್ಲಿದೆ. ಇವುಗಳಿಂದ ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯ ಬೆನ್ನುನೋವು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಆ ವಾರಗಳಲ್ಲಿ ಯಾರ ಬಳಿ ಹೋಗಿದ್ದೆವೋ ಅವರಿಗೆ ಹೆಸರು ಬರುತ್ತದೆ. ಹೊಸ ಚಿಕಿತ್ಸೆಯೊಂದನ್ನು ತೂಗಿ ನೋಡುವಾಗಲೂ ಈ ಮಾತು ನೆನಪಿರಬೇಕು.

ನೋವು ಎಲ್ಲಿಂದ ಬರುತ್ತದೆ?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಕೂತ ಮೂಳೆಯ ಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಮಣಿಗಳ ನಡುವೆ ಮೆತ್ತೆಯಂತೆ ಕೆಲಸ ಮಾಡುವ 23 ಡಿಸ್ಕ್‌ಗಳಿವೆ. ಮಣಿಗಳ ಒಳಗಿನ ಕೊಳವೆಯಲ್ಲಿ ಮಿದುಳುಬಳ್ಳಿ ಇಳಿದುಬರುತ್ತದೆ. ಅದರಿಂದ ಎಡಕ್ಕೂ ಬಲಕ್ಕೂ ಹೊರಡುವ 31 ಜೊತೆ ನರಗಳು ಕೈ, ಕಾಲು, ಮುಂಡಕ್ಕೆ ಹರಡುತ್ತವೆ. ಇವೆಲ್ಲವನ್ನೂ ಸ್ನಾಯು ಮತ್ತು ಕಟ್ಟುನಾರುಗಳು ಹಿಡಿದಿಟ್ಟಿವೆ.

ಬೆನ್ನು, ಕುತ್ತಿಗೆ ನೋವಿನಲ್ಲಿ ಬಹುಪಾಲು ಸ್ನಾಯು, ಕೀಲು, ಕಟ್ಟುನಾರುಗಳಿಗೆ ಸಂಬಂಧಿಸಿದ್ದು. ಇಂತಹ ನೋವು ಎಷ್ಟೇ ಜೋರಾಗಿದ್ದರೂ ಅಪಾಯಕಾರಿಯಲ್ಲ. ಎರಡನೆಯ ಬಗೆ ನರದ ನೋವು. ಡಿಸ್ಕ್‌ನ ಒಳಗಿನ ಮೆತ್ತನೆಯ ಭಾಗ ಹೊರಚಾಚಿ ನರದ ಬುಡವನ್ನು ಕೆರಳಿಸಿದಾಗ ನೋವು ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಇಳಿಯುತ್ತದೆ. ಇದನ್ನೇ ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸೀ ಎಂಬ ಹೆಸರಿದೆ. ಕುತ್ತಿಗೆಯಲ್ಲಿ ಹೀಗಾದರೆ ನೋವು, ಜುಮ್ಮು ತೋಳಿನಿಂದ ಬೆರಳಿಗೆ ಇಳಿಯುತ್ತದೆ. ಮೂರನೆಯ ಬಗೆ ಸಂಖ್ಯೆಯಲ್ಲಿ ಬಹಳ ಕಡಿಮೆ, ಆದರೆ ಬಹಳ ಗಂಭೀರ: ಮೂಳೆ ಮುರಿತ, ಕ್ಷಯ, ಇತರ ಸೋಂಕು, ಕ್ಯಾನ್ಸರ್, ಮಿದುಳುಬಳ್ಳಿಯ ಅಥವಾ ನರಗುಚ್ಛದ ಮೇಲೆ ಬೀಳುವ ಒತ್ತಡ.

"ಡಿಸ್ಕ್ ಜಾರಿದೆ" ಎಂಬ ಮಾತು ಜನರನ್ನು ಬಹಳ ಹೆದರಿಸುತ್ತದೆ. ನಿಜವಾಗಿ ಡಿಸ್ಕ್ ತನ್ನ ಜಾಗ ಬಿಟ್ಟು ಜಾರುವುದಿಲ್ಲ. ಅದರ ಒಂದು ಭಾಗ ಉಬ್ಬುತ್ತದೆ ಅಥವಾ ಹೊರಚಾಚುತ್ತದೆ. ಹೊರಚಾಚಿದ ಭಾಗವನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುವುದು ಸಾಮಾನ್ಯ. ಯಾವ ನೋವೂ ಇಲ್ಲದ ಸುಮಾರು 3,100 ಜನರ ಸ್ಕ್ಯಾನ್ ಚಿತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರಂತೆ 20ರ ವಯಸ್ಸಿನವರಲ್ಲೇ ಶೇ. 30 ಮಂದಿಗೆ, 80ರ ವಯಸ್ಸಿನವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಆದುದರಿಂದ ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದರೆ ಅದೇ ನೋವಿನ ಕಾರಣ ಎನ್ನಲಾಗದು. ವರದಿಯನ್ನು ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡುವುದು ವೈದ್ಯರ ಕೆಲಸ.

ಆಸ್ಟಿಯೋಪಥಿ ಎಂದರೇನು?

ಗ್ರೀಕ್ ಭಾಷೆಯಲ್ಲಿ 'ಆಸ್ಟಿಯಾನ್' ಎಂದರೆ ಮೂಳೆ, 'ಪಾಥೋಸ್' ಎಂದರೆ ನೋವು. ಈ ಪದ್ಧತಿಯನ್ನು ಆರಂಭಿಸಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ (1828-1917). ಅವರು ಮೆಥೊಡಿಸ್ಟ್ ಸಭೆಯ ಬೋಧಕರೊಬ್ಬರ ಮಗ. 1864ರಲ್ಲಿ ಮೆದುಳುಪೊರೆಯ ಜ್ವರದಿಂದ ಅವರ ಮೂವರು ಮಕ್ಕಳು ತೀರಿಕೊಂಡರು. ಪಾದರಸ, ಅಫೀಮು ಮುಂತಾದ ಅಂದಿನ ಔಷಧಗಳ ಮೇಲೆ ನಂಬಿಕೆ ಕಳೆದುಕೊಂಡ ಸ್ಟಿಲ್, ದೇಹಕ್ಕೆ ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಶಕ್ತಿ ಇದೆ, ಕೀಲು-ಸ್ನಾಯುಗಳ ತಡೆ ನಿವಾರಿಸಿದರೆ ಅದು ಕೆಲಸ ಮಾಡುತ್ತದೆ ಎಂದು 1874ರಲ್ಲಿ ಸಾರಿದರು. 1892ರಲ್ಲಿ ಮಿಸ್ಸೂರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಅದರ ಮೊದಲ ತರಗತಿಯಲ್ಲೇ ಮಹಿಳೆಯರೂ ಇದ್ದರು.

ಎಲ್ಲ ಕಾಯಿಲೆಗಳಿಗೂ ಬೆನ್ನೆಲುಬಿನಲ್ಲೇ ಮೂಲವಿದೆ ಎಂಬ ಅಂದಿನ ವಾದಕ್ಕೆ ಇಂದು ಆಧಾರವಿಲ್ಲ. ಕಾಲಕ್ರಮದಲ್ಲಿ ಈ ಪದ್ಧತಿ ಎರಡು ದಾರಿ ಹಿಡಿಯಿತು. ಅಮೆರಿಕದಲ್ಲಿ ಆಸ್ಟಿಯೋಪಥಿ ಕಾಲೇಜಿನಲ್ಲಿ ಓದಿದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್, ಯುರೋಪಿನಲ್ಲಿ ಅವರು ಮುಖ್ಯವಾಗಿ ಕೈಚಿಕಿತ್ಸಕರು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಂತೆ ನೋಂದಣಿ ಇಲ್ಲದವರು ಆಸ್ಟಿಯೋಪಥ್ ಎಂದು ಹೇಳಿಕೊಳ್ಳುವಂತಿಲ್ಲ.

ಚಿಕಿತ್ಸಕರು ಮೊದಲು ರೋಗಿಯ ಪೂರ್ವವೃತ್ತಾಂತ ಕೇಳಿ, ನಿಲುವು, ನಡಿಗೆ, ಕೀಲುಗಳ ಚಲನೆ ಪರೀಕ್ಷಿಸುತ್ತಾರೆ. ಬಳಿಕ ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲಿಸುವುದು, ಕೀಲನ್ನು ನಿಧಾನವಾಗಿ ಆಡಿಸುವುದು, ರೋಗಿ ತಾನೇ ಸ್ನಾಯು ಬಿಗಿಹಿಡಿದು ಚಿಕಿತ್ಸಕರ ಕೈಯನ್ನು ತಳ್ಳಿ ಮತ್ತೆ ಸಡಿಲ ಬಿಡುವುದು, ಕೆಲವೊಮ್ಮೆ ಕೀಲಿಗೆ ಚಿಕ್ಕದಾದ, ಚುರುಕಾದ ಒಂದು ತಳ್ಳು ಕೊಡುವುದು ಇರುತ್ತದೆ.

ಆ ತಳ್ಳಿನಲ್ಲಿ "ಟಕ್" ಎಂದು ಶಬ್ದ ಬಂದರೆ ಮೂಳೆ ಸ್ವಸ್ಥಾನಕ್ಕೆ ಬಂತು ಎಂದು ಜನರು ಭಾವಿಸುತ್ತಾರೆ. ಹಾಗಲ್ಲ. ಕೀಲಿನ ಎರಡು ಮುಖಗಳು ಥಟ್ಟನೆ ದೂರವಾದಾಗ ಒಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗಿ ಆ ಶಬ್ದ ಬರುತ್ತದೆ. ಬೆರಳಿನ ನಟಿಕೆ ಮುರಿದಾಗ ಬರುವುದೂ ಇದೇ. ಶಬ್ದ ಬಂದರೂ ಬಾರದಿದ್ದರೂ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ಕೈಚಿಕಿತ್ಸೆಯಿಂದ ಮೂಳೆ "ಕೂರುವುದಿಲ್ಲ", ಡಿಸ್ಕ್ "ಒಳಗೆ ಹೋಗುವುದಿಲ್ಲ". ಬಿಗಿದ ಸ್ನಾಯು ಸಡಿಲಗೊಂಡು, ನೋವಿನ ಸಂದೇಶ ಕೊಂಚ ಕಾಲ ತಗ್ಗಿ, ರೋಗಿಗೆ ಅಲುಗಾಡುವ ಧೈರ್ಯ ಬರುತ್ತದೆ. ಆ ಬಿಡುವಿನಲ್ಲಿ ನಡಿಗೆ, ವ್ಯಾಯಾಮ ಆರಂಭಿಸಿದರೆ ಉಪಯೋಗ ಉಳಿಯುತ್ತದೆ. ಇಲ್ಲದಿದ್ದರೆ ಕೆಲವು ದಿನಗಳಲ್ಲಿ ನೋವು ಮರಳುತ್ತದೆ.

ಸಂಶೋಧನೆಗಳು ಏನು ಹೇಳುತ್ತವೆ?

1999ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲವು ವಾರಗಳಿಂದ ಸೊಂಟನೋವಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾಮಾನ್ಯ ಚಿಕಿತ್ಸೆ, ಇನ್ನೊಂದಕ್ಕೆ ಆಸ್ಟಿಯೋಪಥಿ ಕೈಚಿಕಿತ್ಸೆ ನೀಡಲಾಯಿತು. 12 ವಾರಗಳಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ರೀತಿ ಗುಣವಾದವು. ಆದರೆ ಕೈಚಿಕಿತ್ಸೆ ಪಡೆದವರಿಗೆ ಬೇಕಾದ ಔಷಧ ಕಡಿಮೆ. 2021ರಲ್ಲಿ ಫ್ರಾನ್ಸ್‌ನಿಂದ 400 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಅರ್ಧ ಜನರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಬರಿದೇ ಕೈ ತಾಗಿಸಿದ ಚಿಕಿತ್ಸೆ. ನಿಜವಾದ ಚಿಕಿತ್ಸೆಯಿಂದ ದೈನಂದಿನ ಕೆಲಸಕ್ಕೆ ಸ್ವಲ್ಪ ಅನುಕೂಲವಾಯಿತು, ಆದರೆ ಆ ವ್ಯತ್ಯಾಸ ರೋಗಿಯ ಬದುಕಿಗೆ ಗಮನಾರ್ಹವಾಗುವಷ್ಟು ದೊಡ್ಡದಾಗಿರಲಿಲ್ಲ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲಿ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ನೀಡಬಹುದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ, ಕೈಚಿಕಿತ್ಸೆ, ಮಾಲೀಸು, ಮನಸ್ಸಿನ ಆಪ್ತಸಲಹೆ ಉಪಯುಕ್ತವಾಗಬಹುದು ಎಂದಿತು. ಸೊಂಟಕ್ಕೆ ಕಟ್ಟುವ ಬೆಲ್ಟು, ಭಾರ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಫೀಮು ಜಾತಿಯ ನೋವಿನ ಮಾತ್ರೆಗಳು ವಾಡಿಕೆಯಾಗಿ ಬೇಡ ಎಂದೂ ಹೇಳಿತು. ನಮ್ಮಲ್ಲಿ ಬೆನ್ನುನೋವೆಂದರೆ ಮೊದಲು ಖರೀದಿಸುವುದೇ ಬೆಲ್ಟು ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ನಮ್ಮ ತೀರ್ಮಾನವೇನು? ಸಾಮಾನ್ಯ ಬೆನ್ನು, ಕುತ್ತಿಗೆ ನೋವಿಗೆ ತರಬೇತಾದ ಕೈಯಿಂದ ಸಿಗುವ ಉಪಶಮನ ನಿಜ, ಆದರೆ ಅದು ಮಿತವಾದದ್ದು. ಅದು ವ್ಯಾಯಾಮಕ್ಕೆ ಊರುಗೋಲು. ವ್ಯಾಯಾಮದ ಬದಲಿಗೆ ನಿಲ್ಲಲಾರದು. ಕಾಲಿಗೆ ಇಳಿಯುವ ನರದ ನೋವಿನಲ್ಲಿ ಉಪಯೋಗದ ಆಧಾರ ಇನ್ನೂ ಕಡಿಮೆ, ಎಚ್ಚರ ಇನ್ನೂ ಹೆಚ್ಚು ಬೇಕು. ಸಯಾಟಿಕಾ ಬಹಳಷ್ಟು ಜನರಲ್ಲಿ 6ರಿಂದ 12 ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಕಾಲಿನ ಬಲ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರನ್ನು ಕೇಳಬೇಕು.

ಯಾರೂ ಕೈ ಹಾಕಬಾರದ ನೋವು

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಕೆಳಗಿನ ಲಕ್ಷಣಗಳಿದ್ದರೆ ನೀವುವುದು, ಎಳೆಯುವುದು, ತಿರುಚುವುದು ಯಾವುದನ್ನೂ ಮಾಡಿಸದೆ ಮೊದಲು ವೈದ್ಯರ ಬಳಿಗೆ ಹೋಗಬೇಕು.

1. ಬೆನ್ನು ಅಥವಾ ಕಾಲು ನೋವಿನೊಂದಿಗೆ ಮೂತ್ರ ಕಟ್ಟುವುದು, ತಿಳಿಯದೆ ಮಲ-ಮೂತ್ರ ಹೋಗುವುದು, ಸೈಕಲ್ ಸೀಟಿಗೆ ತಾಗುವ ಭಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು. ಇದು ಬೆನ್ನಿನ ಕೆಳಭಾಗದ ನರಗುಚ್ಛ ಒತ್ತಿಹೋದ ಲಕ್ಷಣ. ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಜೀವನವಿಡೀ ಮೂತ್ರದ ಹಿಡಿತ ತಪ್ಪಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಇದನ್ನು ಹೇಳಲು ಮಹಿಳೆಯರು ಸಂಕೋಚಪಡುತ್ತಾರೆ. ಭೇಟಿ ನೀಡುವ ಧರ್ಮಭಗಿನಿಯರು, ಆಶಾ ಕಾರ್ಯಕರ್ತೆಯರು ತಾವಾಗಿ ಕೇಳಬೇಕು.

2. ಪಾದ ಎತ್ತಲಾಗದೆ ನೆಲಕ್ಕೆ ಎಳೆಯುವುದು, ಕೈಯ ಹಿಡಿತ ಕುಗ್ಗುವುದು, ಅಂಗಿಯ ಗುಂಡಿ ಹಾಕಲು ಬಾರದಂತಾಗುವುದು, ನಡೆಯುವಾಗ ತೂರಾಡುವುದು.

3. ಮರದಿಂದ, ಏಣಿಯಿಂದ ಬಿದ್ದ ಮೇಲೆ, ವಾಹನ ಅಪಘಾತವಾದ ಮೇಲೆ ಬಂದ ನೋವು. ವಯಸ್ಸಾದವರಲ್ಲಿ, ಬಹುಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಸಣ್ಣ ಜಾರಿಕೆಯಿಂದಲೂ ಬೆನ್ನೆಲುಬಿನ ಮಣಿ ಕುಸಿಯಬಹುದು.

4. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಮಲಗಿದರೂ ತಗ್ಗದ ನೋವು, ಹಿಂದೆ ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಮೂಳೆಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧ ಬೆನ್ನೆಲುಬಿನಲ್ಲೇ ಇರುತ್ತದೆ. ಹಾಗೆ ಸವೆದ ಮಣಿಯ ಮೇಲೆ ಒತ್ತಿದರೆ ಕಾಲಿನ ಸ್ವಾಧೀನವೇ ತಪ್ಪಬಹುದು. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂ. ನೀಡಲಾಗುತ್ತಿತ್ತು, 2024ರ ನವೆಂಬರಿನಿಂದ ಅದು 1,000 ರೂ. ಆಗಿದೆ.

5. ಎದೆ, ದವಡೆ, ಎಡತೋಳಿಗೆ ಹರಡುವ ನೋವಿನೊಂದಿಗೆ ಬೆವರು, ಏದುಸಿರು. ಇದು ಕುತ್ತಿಗೆಯ ನರವಲ್ಲ, ಹೃದಯಾಘಾತವಿರಬಹುದು. ಪಕ್ಕೆಯಿಂದ ಕಿಬ್ಬೊಟ್ಟೆಗೆ ಅಲೆಅಲೆಯಾಗಿ ಇಳಿಯುವ ನೋವು ಮೂತ್ರಪಿಂಡದ ಕಲ್ಲಿನದ್ದಿರಬಹುದು.

ಕುತ್ತಿಗೆಯ ಬಗ್ಗೆ ಪ್ರತ್ಯೇಕ ಮಾತು ಅಗತ್ಯ. ಮಿದುಳಿಗೆ ರಕ್ತ ಒಯ್ಯುವ ರಕ್ತನಾಳಗಳು ಕುತ್ತಿಗೆಯ ಮಣಿಗಳ ಪಕ್ಕದಲ್ಲೇ, ಕೆಲವು ಆ ಮಣಿಗಳ ರಂಧ್ರಗಳ ಮೂಲಕವೇ ಸಾಗುತ್ತವೆ. ಕುತ್ತಿಗೆಯನ್ನು ಥಟ್ಟನೆ ತಿರುಚಿದಾಗ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ. ಇದು ವಿರಳ, ಆದರೆ ಆದರೆ ಸರಿಪಡಿಸಲಾಗದ ಹಾನಿ ಉಳಿಯಬಹುದು. ಕ್ಷೌರದಂಗಡಿಯಲ್ಲಿ ಕೊನೆಗೆ ಕುತ್ತಿಗೆ ತಿರುಗಿಸಿ "ಟಕ್" ಎನಿಸುವ ವಾಡಿಕೆಯನ್ನು ಬೇಡವೆನ್ನಲು ಇದೇ ಕಾರಣ. ಹಿಂದೆಂದೂ ಇಲ್ಲದ ಕುತ್ತಿಗೆ ಅಥವಾ ತಲೆನೋವಿನೊಂದಿಗೆ ತಲೆ ತಿರುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಏಣಿಯಿಂದ ಬಿದ್ದವರನ್ನು ಎತ್ತುವ ಬಗೆ

ತೋಟದಲ್ಲಿ ಯಾರಾದರೂ ಬಿದ್ದರೆ ನಾಲ್ಕು ಜನ ಸೇರಿ ಕೈಕಾಲು ಹಿಡಿದು ಎತ್ತುವುದು, ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮ ವಾಡಿಕೆ. ಬೆನ್ನೆಲುಬು ಮುರಿದಿದ್ದರೆ, ಆ ಕ್ಷಣದಲ್ಲಿ ಮಿದುಳುಬಳ್ಳಿಗೆ ಪೆಟ್ಟಾಗಬಹುದು. ಬಿದ್ದವರನ್ನು ಅಲ್ಲೇ ಮಲಗಿಸಿ, ತಲೆ-ಕುತ್ತಿಗೆ ಅಲುಗದಂತೆ ಒಬ್ಬರು ಎರಡೂ ಕೈಗಳಿಂದ ಹಿಡಿದು, 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ಕಂಬಳಿಯಲ್ಲಿ ತೊಟ್ಟಿಲಿನಂತೆ ಹೊರಬಾರದು. ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ ಎಲ್ಲರೂ ಒಟ್ಟಿಗೆ ಹೊರಳಿಸಿ, ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ, ಅಲುಗದಂತೆ ಕಟ್ಟಿ ಒಯ್ಯಬೇಕು. ಮೇಸ್ತ್ರಿಗಳಿಗೆ, ತೋಟದ ರೈಟರ್‌ಗಳಿಗೆ ಇಷ್ಟನ್ನು ಕಲಿಸಿಕೊಟ್ಟರೆ ಯಾವ ಶಿಬಿರಕ್ಕಿಂತಲೂ ಹೆಚ್ಚು ಉಪಕಾರವಾದೀತು.

ಶಿಬಿರ ಏರ್ಪಡಿಸುವ ಮೊದಲು

ಭಾರತದಲ್ಲಿ ಆಸ್ಟಿಯೋಪಥಿಗೆ ಬ್ರಿಟನ್ನಿನಂತಹ ಪ್ರತ್ಯೇಕ ಕಾಯ್ದೆಯಾಗಲಿ ನೋಂದಣಿ ಮಂಡಳಿಯಾಗಲಿ ಇಲ್ಲ. ಒಡಿಶಾದ ಕಟಕ್‌ನ ಶ್ರೀ ಶ್ರೀ ವಿಶ್ವವಿದ್ಯಾಲಯದಂತಹ ಕೆಲವೇ ಕಡೆ ಪದವಿ ಶಿಕ್ಷಣ ಆರಂಭವಾಗಿದೆ. ಫಿಸಿಯೋಥೆರಪಿಯಲ್ಲಿ ಪದವಿ ಪಡೆದು ಬಳಿಕ ಕೈಚಿಕಿತ್ಸೆ ಕಲಿತವರೂ ಇದ್ದಾರೆ. ಆದರೆ ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರ ಇಟ್ಟುಕೊಂಡವರೂ ಅದೇ ಫಲಕ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನಿಗದಿಪಡಿಸಿದ ಮಾನದಂಡದಂತೆ, ಹೊಸದಾಗಿ ಕಲಿಯುವವರಿಗೆ 4,200 ಗಂಟೆಗಳ ಶಿಕ್ಷಣ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳ ಚಿಕಿತ್ಸೆಯ ಅನುಭವ ಇರಬೇಕು.

ಆದುದರಿಂದ ಚರ್ಚ್ ಪಾಲನಾ ಮಂಡಳಿಗಳು, ಸಂಘಗಳು ಸಭಾಂಗಣ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಚಿಕಿತ್ಸಕರು ಏನು ಓದಿದ್ದಾರೆ, ಎಲ್ಲಿ, ಎಷ್ಟು ವರ್ಷ? ಪ್ರತಿಯೊಬ್ಬರನ್ನೂ ಮೊದಲು ಪರೀಕ್ಷಿಸಿ, ಅಪಾಯದ ಲಕ್ಷಣಗಳನ್ನು ಕೇಳುತ್ತಾರೆಯೇ? ಒಂದು ದಿನಕ್ಕೆ ಎಷ್ಟು ಮಂದಿ? ಒಬ್ಬರಿಗೆ ಎರಡು ನಿಮಿಷದಂತೆ ನೂರಾರು ಜನರ ಬೆನ್ನು ತಿರುಚುವುದು ಚಿಕಿತ್ಸೆಯಲ್ಲ. ಮಹಿಳೆಯರಿಗೆ ಪ್ರತ್ಯೇಕ ಜಾಗ, ಜೊತೆಗೆ ಮಹಿಳಾ ಸಹಾಯಕಿ ಇರುತ್ತಾರೆಯೇ? ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಕಲಿಸುತ್ತಾರೆಯೇ? ತೊಂದರೆಯಾದರೆ ನಾಳೆ ಯಾರನ್ನು ಕೇಳಬೇಕು?

"ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನಿಲ್ಲಿಸಿ", "ಒಂದೇ ಸಲಕ್ಕೆ ಗುಣ", "ಶಸ್ತ್ರಚಿಕಿತ್ಸೆ ಎಂದಿಗೂ ಬೇಡ" ಎನ್ನುವವರಿಂದ ದೂರವಿರಬೇಕು. ಹೆಸರಿಲ್ಲದ ಪುಡಿ, ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬಾರದು. ನೋವು ಪವಾಡದಂತೆ ಇಳಿಯಿತು ಎನಿಸುವ ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದು ಹಲವು ಸಲ ಪತ್ತೆಯಾಗಿದೆ.

ಮನೆಯಲ್ಲಿ ಮಾಡಬಹುದಾದದ್ದು

ಹಿಂದೆ ಬೆನ್ನುನೋವಿಗೆ ವಾರಗಟ್ಟಲೆ ಮಲಗಿರಲು ಹೇಳುತ್ತಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ, ಎರಡು ದಿನ ಮಲಗಿದವರಿಗಿಂತ, ನೋವು ತಾಳುವಷ್ಟು ಮಟ್ಟಿಗೆ ದಿನನಿತ್ಯದ ಕೆಲಸ ಮುಂದುವರಿಸಿದವರೇ ಬೇಗ ಗುಣವಾದರು. ಆದರೆ ತೋಟದ ಕಾರ್ಮಿಕರಿಗೆ ಇದನ್ನು ಹೇಳುವಾಗ ಎಚ್ಚರ ಬೇಕು. ಕೆಲಸ ಮುಂದುವರಿಸಿ ಎಂದರೆ ಚೀಲ ಹೊರಿ ಎಂದಲ್ಲ. ಒಂದೆರಡು ವಾರ ಭಾರದ ಕೆಲಸ ಬಿಟ್ಟು, ಕಣದಲ್ಲಿ ಕಾಫಿ ಹರಡುವಂತಹ ಹಗುರ ಕೆಲಸ ಮಾಡಬಹುದು. ಇದಕ್ಕೆ ತೋಟದ ಮಾಲೀಕರ ಸಹಕಾರ ಬೇಕು. ದಿನಗೂಲಿ ಕಳೆದುಕೊಳ್ಳುವ ಭಯವಿದ್ದರೆ ಯಾವ ಸಲಹೆಯೂ ಪಾಲನೆಯಾಗದು. ನಮ್ಮ ಓದುಗರಲ್ಲಿ ತೋಟದ ಮಾಲೀಕರೂ ಇದ್ದಾರೆ; ಒಂದು ಚೀಲವನ್ನು ಎರಡು ಮಾಡಿ ತುಂಬಿಸುವುದು, ಇಬ್ಬರು ಸೇರಿ ಎತ್ತಿಸುವುದು ಅವರ ಕೈಯಲ್ಲೇ ಇದೆ.

ದಿನಕ್ಕೆ ಎರಡು ಮೂರು ಬಾರಿ ಸಮತಟ್ಟಾದ ಜಾಗದಲ್ಲಿ ನಡೆಯುವುದು, ಅಂಗಾತ ಮಲಗಿ ಮೊಣಕಾಲುಗಳನ್ನು ಒಂದೊಂದಾಗಿ ಎದೆಗೆ ತರುವುದು, ಮೊಣಕಾಲು ಮಡಚಿ ಸೊಂಟ ಮೆಲ್ಲಗೆ ಎತ್ತಿ ಇಳಿಸುವುದು, ಕುತ್ತಿಗೆಯನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸುವುದು ಹೆಚ್ಚಿನವರಿಗೆ ಸುರಕ್ಷಿತ. ಮಾಡುವಾಗ ನೋವು ಕಾಲಿಗೆ ಅಥವಾ ಕೈಗೆ ಇನ್ನಷ್ಟು ಇಳಿದರೆ ನಿಲ್ಲಿಸಬೇಕು. ಬಿಸಿನೀರಿನ ಶಾಖ, ಹಗುರವಾಗಿ ಎಣ್ಣೆ ನೀವುವುದು ಹಿತ ನೀಡುತ್ತದೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಆಗಬಹುದು.

ಬಿಸಿಲೆಯಿಂದ ಎಲ್ಲಿಗೆ?

ಸಾಮಾನ್ಯ ನೋವಿಗೆ ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ, ಅಲ್ಲಿಂದ ಸಕಲೇಶಪುರದ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ. ಹೆಚ್ಚಿನ ತಪಾಸಣೆಗೆ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಕರಾವಳಿಗೆ ಇಳಿಯುವುದಾದರೆ ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಹಾಗೂ ಜೆಸುಯಿಟ್ ಧರ್ಮಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಇವೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ತುರ್ತು ಇಲ್ಲದಿದ್ದಾಗ ಅಲ್ಲಿಂದಲೇ ಆರಂಭಿಸುವುದು ಲೇಸು.

ಮಳೆಗಾಲದಲ್ಲಿ ದಾರಿಯ ಬಗ್ಗೆ ಮೊದಲೇ ಯೋಚಿಸಬೇಕು. 2018 ಮತ್ತು 2024ರಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಿತ್ತು. ರಾತ್ರಿ ಹೊತ್ತು ಕಾಡಾನೆಗಳ ಭಯದಿಂದ ವಾಹನ ಸಿಗುವುದೂ ಕಷ್ಟ. ಮೂತ್ರ ಕಟ್ಟಿದ, ಕಾಲು ಸೋತ ರೋಗಿಗೆ ಕಳೆದುಹೋದ ಒಂದು ರಾತ್ರಿ ದುಬಾರಿಯಾಗುತ್ತದೆ. ಅದಕ್ಕಾಗಿಯೇ ಲಕ್ಷಣಗಳನ್ನು ಹಗಲಿನಲ್ಲೇ ಗುರುತಿಸಿ ಹೊರಡಿಸಬೇಕು. ಜೀಪು ಇರುವವರ ಫೋನ್ ಸಂಖ್ಯೆಗಳನ್ನು ಪ್ರತಿ ಲೈನ್ ಮನೆಯಲ್ಲೂ ಬರೆದಿಟ್ಟಿರಬೇಕು.

ಮನೆಭೇಟಿಗೆ ಹೋಗುವ ನಮ್ಮ ಕಾರ್ಯಕರ್ತರು ವೈದ್ಯರಾಗಬೇಕಾಗಿಲ್ಲ. ನೋವಿನಲ್ಲಿರುವವರ ಬಳಿ ಕುಳಿತು ನಾಲ್ಕು ಮಾತು ಕೇಳಿದರೆ ಸಾಕು: ಬಿದ್ದಿದ್ದೀರಾ? ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ? ಕೈ ಅಥವಾ ಕಾಲಿನಲ್ಲಿ ಬಲ ಕುಗ್ಗಿದೆಯೇ? ಮೂತ್ರ ಸರಿಯಾಗಿ ಹೋಗುತ್ತದೆಯೇ? ನಾಲ್ಕರಲ್ಲಿ ಒಂದಕ್ಕೆ ತೊಂದರೆಯ ಉತ್ತರ ಬಂದರೂ ಮೊದಲು ಆಸ್ಪತ್ರೆ. ಎಲ್ಲವೂ ಸರಿಯಾಗಿದ್ದರೆ ಧೈರ್ಯ ಹೇಳಿ, ನಡೆಯಲು ಹುರಿದುಂಬಿಸಿ, ಬೇಕೆನಿಸಿದರೆ ತರಬೇತಾದ ಫಿಸಿಯೋಥೆರಪಿಸ್ಟ್ ಅಥವಾ ಆಸ್ಟಿಯೋಪಥ್ ಬಳಿ ಕಳುಹಿಸಬಹುದು. ಈ ನಾಲ್ಕು ಪ್ರಶ್ನೆಗಳನ್ನು ಚರ್ಚ್‌ನ ಸೂಚನಾ ಫಲಕದಲ್ಲಿ 108ರ ಪಕ್ಕದಲ್ಲಿ ಬರೆದು ಹಾಕುವಂತೆ, ಘಟ್ಟದ ಮೇಲಿನ ಬಂಧುಗಳಿಗೂ ತಿಳಿಸುವಂತೆ ಓದುಗರಲ್ಲಿ ವಿನಂತಿಸುತ್ತೇವೆ.